ಕೈಗಾಡಿ ಎಳೆದು ಬಂದ ಮೇಲೆ: ನೀವು ಕೇಳಿದ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ನಮ್ಮ ಮನೆಯವರೆಲ್ಲ ವಯೋಮಿಂಗ್‌ನ ಬಯಲಿನಲ್ಲಿ ಕೈಗಾಡಿ ಎಳೆದ ಸಂಗತಿ ಬರೆದಿದ್ದೆ. ಓದದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ನಾವಿರುವುದು ಅಮೆರಿಕದ ಯೂಟಾ ರಾಜ್ಯದಲ್ಲಿ, ವಯೋಮಿಂಗ್ ಅದರ ಪಕ್ಕದ ರಾಜ್ಯ. ನಮ್ಮ ಬೀದಿಯಲ್ಲಿ ಹೆಚ್ಚಿನವರು ಮಾರ್ಮನ್ನರು, ಅಂದರೆ ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಗಡದವರು. ಅವರು ಹದಿಹರೆಯದ ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ 'ಟ್ರೆಕ್'ಗೆ ಕರೆದುಕೊಂಡು ಹೋಗುತ್ತಾರೆ. 1856ರಲ್ಲಿ ಅವರ ಹಿರಿಯರು ಕೈಗಾಡಿಯಲ್ಲಿ ಸಾಮಾನು ಹೇರಿಕೊಂಡು ಯೂಟಾಕ್ಕೆ ನಡೆದು ಬಂದಿದ್ದರು. ಈಗಿನ ಮಕ್ಕಳು ಆ ಕಾಲದ ಬಟ್ಟೆ ತೊಟ್ಟು, ಅದೇ ತರದ ಗಾಡಿ ಎಳೆದು, ರಾತ್ರಿ ಡೇರೆಯಲ್ಲಿ ಮಲಗುತ್ತಾರೆ. ಮಗಳನ್ನು ಅವಳ ಗೆಳತಿ ಕರೆದಳು. ಅಡುಗೆ ಡೇರೆಗೆ ಜನ ಬೇಕು ಅಂದರು. ಹೀಗಾಗಿ ನಾನು, ನಮ್ಮೆಜಮಾನರು, ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ಅತ್ತೆ, ಮೂವರೂ ಹೊರಟೆವು. ನಾವು ಮಾರ್ಮನ್ನರಲ್ಲ.

ಪತ್ರಗಳು ಜಾಸ್ತಿ ಬಂದಿವೆ. ಒಂದೇ ತರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಎತ್ತು, ಕುದುರೆ ಇರುವ ಕಾಲದಲ್ಲಿ ಮನುಷ್ಯರು ಯಾಕೆ ಗಾಡಿ ಎಳೆಯಬೇಕಾಯಿತು? ಅಷ್ಟೊಂದು ಬಡತನವೇ? (ಓದುಗರು, ಧಾರವಾಡ)

ಹೌದು, ಬಡತನವೇ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇಲ್ಲ.

ಈ ಚರ್ಚ್ ಶುರುವಾದದ್ದು 1830ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಸ್ಥಾಪಿಸಿದ ಜೋಸೆಫ್ ಸ್ಮಿತ್‌ನನ್ನು 1844ರಲ್ಲಿ ಇಲಿನಾಯ್‌ನ ಕಾರ್ಥೇಜ್ ಜೈಲಿಗೆ ನುಗ್ಗಿದ ಜನ ಗುಂಡು ಹಾರಿಸಿ ಕೊಂದರು. ಆಮೇಲೆ ಬ್ರಿಗಮ್ ಯಂಗ್ ಮುಂದಾಳಾಗಿ ಎಲ್ಲರನ್ನೂ ಪಶ್ಚಿಮಕ್ಕೆ ಕರೆದುಕೊಂಡು ಹೊರಟ. 1847ರ ಜುಲೈ 24ಕ್ಕೆ ಸಾಲ್ಟ್ ಲೇಕ್ ಕಣಿವೆ ತಲುಪಿದರು. ಇವತ್ತಿಗೂ ಯೂಟಾದಲ್ಲಿ ಆ ದಿನ ಸರ್ಕಾರಿ ರಜೆ. ರಾತ್ರಿ ಪಟಾಕಿ ಎಷ್ಟು ಹೊಡೆಯುತ್ತಾರೆ ಅಂದರೆ, ನಮ್ಮತ್ತೆ ದೀಪಾವಳಿ ಇಷ್ಟು ಬೇಗ ಬಂತಾ ಅಂತ ಕೇಳಿದರು.

ಅಷ್ಟರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಡೆನ್ಮಾರ್ಕ್ ಕಡೆ ತುಂಬಾ ಜನ ಈ ಮತಕ್ಕೆ ಸೇರಿದ್ದರು. ಮಿಲ್ ಕೆಲಸದವರು, ಗಣಿಯವರು, ಸಣ್ಣ ಕಸುಬಿನವರು. ಎಲ್ಲರಿಗೂ ಯೂಟಾಕ್ಕೆ ಬರುವ ಆಸೆ, ಆದರೆ ಕೈಯಲ್ಲಿ ಕಾಸಿಲ್ಲ. ಅವರಿಗೆ ಸಾಲ ಕೊಡೋಕೆ ಅಂತಲೇ 1849ರಲ್ಲಿ ಚರ್ಚ್ ಒಂದು ನಿಧಿ ಮಾಡಿತ್ತು. ಬಂದು ದುಡಿದು ತೀರಿಸಬೇಕು. 1855ರಲ್ಲಿ ಯೂಟಾದ ಬೆಳೆಯನ್ನು ಮಿಡತೆ ತಿಂದು ಹಾಕಿತು, ನಿಧಿಗೆ ಬರುವ ದುಡ್ಡೂ ಕಡಿಮೆಯಾಯಿತು. ಎತ್ತು, ದೊಡ್ಡ ಗಾಡಿ ಕೊಳ್ಳುವುದು ದುಬಾರಿ. ಆಗ ಬ್ರಿಗಮ್ ಯಂಗ್ ಹೇಳಿದ ದಾರಿ ಇದು: ಹಡಗಿನಲ್ಲಿ ಅಮೆರಿಕ, ರೈಲಿನಲ್ಲಿ ಅಯೋವಾ ಸಿಟಿವರೆಗೆ, ಅಲ್ಲಿಂದ ಮುಂದೆ ಕಾಲ್ನಡಿಗೆ. ರೈಲು ಆಗ ಅಲ್ಲಿಗೇ ನಿಂತಿತ್ತು. ಅಲ್ಲಿಂದ ಸಾಲ್ಟ್ ಲೇಕ್‌ಗೆ ಸುಮಾರು 2,100 ಕಿಲೋಮೀಟರ್. ಲಿವರ್‌ಪೂಲ್‌ನಿಂದ ಯೂಟಾದವರೆಗೆ ತಲೆಗೆ 9 ಪೌಂಡ್ ಅಂತ ಲೆಕ್ಕ ಹಾಕಿದರು.

ಐದು ಜನಕ್ಕೆ ಒಂದು ಗಾಡಿ, ಇಪ್ಪತ್ತು ಜನಕ್ಕೆ ಒಂದು ಡೇರೆ. ದೊಡ್ಡವರಿಗೆ ತಲಾ ಸುಮಾರು ಎಂಟು ಕೆಜಿ ಸಾಮಾನು, ಬಟ್ಟೆ ಹಾಸಿಗೆ ಎಲ್ಲ ಸೇರಿ ಅಷ್ಟೇ. ವಿಮಾನದಲ್ಲಿ ನಾವು ಕೈಯಲ್ಲಿ ಹಿಡಿದುಕೊಳ್ಳುವ ಬ್ಯಾಗೇ ಅಷ್ಟು ತೂಗುತ್ತೆ. ಇವರು ಬಂದದ್ದು ಹೊಸ ದೇಶದಲ್ಲಿ ಸಂಸಾರ ಹೂಡೋಕೆ.

1856ರಿಂದ 1860ರ ತನಕ ಹೀಗೆ ಹತ್ತು ತಂಡ ಬಂದವು, ಒಟ್ಟು ಹತ್ತಿರ ಹತ್ತಿರ 3,000 ಜನ. ಇದರಲ್ಲಿ ಎಂಟು ತಂಡಗಳು ಕಷ್ಟಪಟ್ಟರೂ ಊರು ಸೇರಿದವು. 1856ರ ಮೊದಲೆರಡು ತಂಡಗಳು ಸೆಪ್ಟೆಂಬರ್ 26ಕ್ಕೇ ಸಾಲ್ಟ್ ಲೇಕ್ ಮುಟ್ಟಿದವು. ದೊಡ್ಡ ಅನಾಹುತ ಆದದ್ದು ಅದೇ ವರ್ಷದ ಕೊನೆಯ ಎರಡು ತಂಡಗಳಿಗೆ, ವಿಲ್ಲಿ ತಂಡ ಮತ್ತು ಮಾರ್ಟಿನ್ ತಂಡ. ಟ್ರೆಕ್‌ನಲ್ಲಿ ಹೇಳುವ ಕತೆಗಳಲ್ಲಿ ಮುಕ್ಕಾಲು ಪಾಲು ಈ ಎರಡರದ್ದೇ. ಸುಮ್ಮನೆ ನಡೆದು ಬಂದು ಸೇರಿದ ಎಂಟು ತಂಡಗಳ ಕತೆ ಯಾರಿಗೆ ಬೇಕು, ಅಲ್ವಾ?

ಗಾಡಿ ಎಷ್ಟು ಭಾರ? ನಮ್ಮಂಥವರಿಗೆ ಎಳೆಯೋಕೆ ಆಗುತ್ತಾ? (ಪಿಯುಸಿ ವಿದ್ಯಾರ್ಥಿನಿ, ಹಾಸನ)

ಆಗುತ್ತೆ ಪುಟ್ಟಿ. ಎರಡು ದೊಡ್ಡ ಮರದ ಚಕ್ರ, ನಡುವೆ ಮರದ ಪೆಟ್ಟಿಗೆ, ಮುಂದೆ ಎರಡು ಮೂಕಿ, ಮೂಕಿಗೆ ಅಡ್ಡ ಒಂದು ಕೋಲು. ಇಬ್ಬರು ಆ ಕೋಲಿನ ಒಳಗೆ ನಿಂತು ಎದೆ, ಕೈ ಕೊಟ್ಟು ನೂಕುತ್ತಾ ನಡೆಯಬೇಕು. ಉಳಿದವರು ಹಿಂದಿನಿಂದ ತಳ್ಳಬೇಕು. ಮಟ್ಟಸ ನೆಲದಲ್ಲಿ ಏನೂ ಅನ್ನಿಸೋದಿಲ್ಲ. ಮರಳು ಬಂದರೆ ಚಕ್ರ ಕಚ್ಚಿಕೊಂಡು ಬಿಡುತ್ತೆ. ಏರು ಕಷ್ಟ ಅಂತ ಎಲ್ಲರಿಗೂ ಗೊತ್ತಿರುತ್ತೆ. ಇಳಿಜಾರಿನ ಕಷ್ಟ ಇಳಿಯುವಾಗಲೇ ಗೊತ್ತಾಗೋದು. ಬ್ರೇಕ್ ಇಲ್ಲ. ಹಿಂದೆ ಹಗ್ಗ ಕಟ್ಟಿ ನಾಲ್ಕು ಜನ ಜಗ್ಗಿ ಹಿಡಿಯಬೇಕು. ಇಲ್ಲದಿದ್ದರೆ ಮುಂದೆ ಇರುವವರ ಮೇಲೇ ಗಾಡಿ ಬರುತ್ತೆ.

ನಮಗೆ ಕೊಟ್ಟಿದ್ದು ಗಟ್ಟಿ ಗಾಡಿ. 1856ರ ಗಾಡಿಗಳಲ್ಲಿ ಎಷ್ಟೋ ಹಸಿ ಮರದವು. ಅವಸರದಲ್ಲಿ ಮಾಡಿದ್ದು. ಒಣ ಹವೆಗೆ ಮರ ಕುಗ್ಗಿ ಚಕ್ರ ಸಡಿಲವಾಯಿತು, ಧೂಳು ಸೇರಿ ಅಚ್ಚು ಸವೆಯಿತು. ಅಚ್ಚಿಗೆ ಹಚ್ಚೋಕೆ ಎಣ್ಣೆ ಇಲ್ಲದೆ ತಿನ್ನುವ ಹಂದಿ ಕೊಬ್ಬು, ಸೋಪು ಹಚ್ಚಿಕೊಂಡು ಬಂದರಂತೆ.

ಚಳಿಗಾಲ ಬರುತ್ತೆ ಅಂತ ಗೊತ್ತಿದ್ದೂ ಯಾಕೆ ಹೊರಟರು? ಇದನ್ನು ಭಕ್ತಿ ಅನ್ನಬೇಕೋ, ಹುಚ್ಚುತನ ಅನ್ನಬೇಕೋ? ತಪ್ಪು ಯಾರದು? (ನಿವೃತ್ತ ಶಿಕ್ಷಕರು, ಶಿವಮೊಗ್ಗ)

ಮೇಷ್ಟ್ರೇ, ಬಂದ ಪತ್ರಗಳಲ್ಲಿ ನನಗೆ ತುಂಬಾ ಹಿಡಿಸಿದ ಪ್ರಶ್ನೆ ಇದು. ಟ್ರೆಕ್‌ನಲ್ಲಿ ಇದನ್ನು ಯಾರೂ ಇಷ್ಟು ನೇರವಾಗಿ ಕೇಳೋದಿಲ್ಲ.

ಮೊದಲು ತಡ ಆದದ್ದು ಲಿವರ್‌ಪೂಲ್‌ನಲ್ಲಿ. ಹಡಗುಗಳು ಹೊರಟಿದ್ದೇ ಮೇ ತಿಂಗಳಲ್ಲಿ. ಅಯೋವಾ ಸಿಟಿಗೆ ಬಂದು ನೋಡಿದರೆ ಗಾಡಿಗಳೇ ತಯಾರಿಲ್ಲ. ವಾರಗಟ್ಟಲೆ ಕಾದು, ವಿಲ್ಲಿ ತಂಡ ಹೊರಟದ್ದು ಜುಲೈ 15ಕ್ಕೆ, ಮಾರ್ಟಿನ್ ತಂಡ ಜುಲೈ 28ಕ್ಕೆ. ಎರಡೂ ಸೇರಿ ಸಾವಿರಕ್ಕೂ ಹೆಚ್ಚು ಜನ, ಮುದುಕರು, ಬಸುರಿಯರು, ಕೈಗೂಸುಗಳು ಎಲ್ಲರೂ ಇದ್ದರು. ಆಗಸ್ಟ್ ಹೊತ್ತಿಗೆ ವಿಲ್ಲಿ ತಂಡ ಫ್ಲಾರೆನ್ಸ್ ಅನ್ನುವ ಊರಿಗೆ ಬಂತು. ಈಗ ಅದು ನೆಬ್ರಾಸ್ಕದ ಓಮಾಹಾ ನಗರದ ಒಳಗೇ ಸೇರಿದೆ. ಇನ್ನೂ ಸುಮಾರು ಸಾವಿರ ಮೈಲಿ ಬಾಕಿ, ನಡುವೆ ರಾಕಿ ಪರ್ವತ. ಆಗಸ್ಟ್ 13ರಂದು ಸಭೆ ಕೂಡಿತು: ಇಲ್ಲೇ ಚಳಿಗಾಲ ಕಳೆಯೋಣವೋ, ಮುಂದೆ ಹೋಗೋಣವೋ?

ತಂಡದ ಮುಂದಾಳುಗಳಲ್ಲಿ ಲೀವೈ ಸ್ಯಾವೇಜ್ ಅಂತ ಒಬ್ಬನಿದ್ದ. ಮೊದಲೇ ಪಶ್ಚಿಮದ ದಾರಿ ಕಂಡವನು, ಸೈನ್ಯದಲ್ಲಿ ನಡೆದವನು. ಅವನು ಎದ್ದು ನಿಂತು ಬೇಡ ಅಂದ. ಹಿಮದಲ್ಲಿ ಸಿಕ್ಕಿಕೊಳ್ಳುತ್ತೀರಿ, ಮುದುಕರು ಮಕ್ಕಳು ಸಾಯುತ್ತಾರೆ ಅಂತ ಬಿಚ್ಚಿ ಹೇಳಿದ. ಅವನಿಗೆ ನಂಬಿಕೆ ಸಾಲದು ಅಂತ ಬೈದರು. ದೇವರು ಹವಾಮಾನ ನೋಡಿಕೊಳ್ಳುತ್ತಾನೆ ಅಂದರು. ಕೈ ಎತ್ತಿಸಿದರು, ಹೆಚ್ಚಿನವರು ಹೋಗೋಣ ಅಂದರು. ಆಗ ಸ್ಯಾವೇಜ್, ನಾನು ಹೇಳಿದ್ದು ನಿಜ, ಆದರೂ ನೀವು ಹೋಗುವುದಾದರೆ ನಾನೂ ಬರುತ್ತೇನೆ, ಸಾಯುವುದಾದರೆ ನಿಮ್ಮ ಜೊತೆ ಸಾಯುತ್ತೇನೆ ಅನ್ನುವ ಅರ್ಥದ ಮಾತಾಡಿ ಹೊರಟೇಬಿಟ್ಟ.

ಆಮೇಲೆ ಎಲ್ಲವೂ ಒಂದರ ಹಿಂದೆ ಒಂದು. ಗಾಡಿಗೆ ಒಂದೊಂದು ಮೂಟೆ ಹಿಟ್ಟು ಹೇರಿದರು, ಮೂಟೆ ಸುಮಾರು 44 ಕೆಜಿ. ಸೆಪ್ಟೆಂಬರ್‌ನಲ್ಲಿ ಕಾಡುಕೋಣಗಳ ಹಿಂಡು ನುಗ್ಗಿದಾಗ ವಿಲ್ಲಿ ತಂಡದ ಮೂವತ್ತರಷ್ಟು ದನ ಎತ್ತುಗಳು ಕಾಣೆಯಾದವು. ದಿನಸಿ ಹೇರಿಕೊಂಡು ಜೊತೆಗೆ ಬರುತ್ತಿದ್ದ ದೊಡ್ಡ ಎತ್ತಿನ ಗಾಡಿಗಳ ಹಿಟ್ಟೂ ಕೈಗಾಡಿ ಮೇಲೆ ಬಂತು. ದಾರಿಯಲ್ಲಿದ್ದ ಫೋರ್ಟ್ ಲಾರಮಿ ಅನ್ನುವ ಸೈನ್ಯದ ಠಾಣೆಯಲ್ಲಿ ದಿನಸಿ ಸಿಗುತ್ತೆ ಅಂದುಕೊಂಡಿದ್ದರು, ಸಿಗಲಿಲ್ಲ. ದಿನಕ್ಕೆ ತಲಾ ಒಂದು ಪೌಂಡ್, ಅಂದರೆ ಸುಮಾರು ಅರ್ಧ ಕೆಜಿ, ಇದ್ದ ಹಿಟ್ಟನ್ನು ಕಡಿಮೆ ಮಾಡುತ್ತಾ ಬಂದರು. ಮಾರ್ಟಿನ್ ತಂಡದವರು ಭಾರ ತಡೆಯದೆ ಅಕ್ಟೋಬರ್ 17ರಂದು ಡಿಯರ್ ಕ್ರೀಕ್ ಹತ್ತಿರ ಕಂಬಳಿ, ಬಟ್ಟೆ ಎಲ್ಲ ಬಿಸಾಕಿದರು. ಎರಡು ದಿನ ಕಳೆದು, ಅಕ್ಟೋಬರ್ 19ಕ್ಕೆ, ನಾರ್ತ್ ಪ್ಲಾಟ್ ನದಿಯನ್ನು ಕೊನೆಯ ಸಲ ದಾಟಿದ ದಿನವೇ ಹಿಮ ಬಿತ್ತು.

ಅಕ್ಟೋಬರ್ 23ರಂದು ವಿಲ್ಲಿ ತಂಡ ರಾಕಿ ರಿಡ್ಜ್ ಹತ್ತಿತು. 7,000 ಅಡಿಗೂ ಎತ್ತರ, ಹಿಮಗಾಳಿ, ಕಲ್ಲು ದಾರಿ. ಮಾರನೇ ದಿನ ರಾಕ್ ಕ್ರೀಕ್‌ನಲ್ಲಿ 13 ಜನರನ್ನು ಒಂದೇ ಗುಂಡಿಯಲ್ಲಿ ಹೂಳಿದರು. ಗುಂಡಿ ತೋಡಿದವರಲ್ಲೇ ಇಬ್ಬರು ಆಮೇಲೆ ಸತ್ತರು. ಮಾರ್ಟಿನ್ ತಂಡ ಡೆವಿಲ್ಸ್ ಗೇಟ್ ಹತ್ತಿರದ ಒಂದು ಬೆಟ್ಟದ ಮಗ್ಗುಲಲ್ಲಿ ಆಸರೆ ಹುಡುಕಿತು. ಅದಕ್ಕೇ ಈಗ ಮಾರ್ಟಿನ್ಸ್ ಕೋವ್ ಅಂತ ಹೆಸರು. ಎರಡೂ ತಂಡ ಸೇರಿ ಸತ್ತವರು 200ಕ್ಕೂ ಜಾಸ್ತಿ.

ಕಾಪಾಡಿದ್ದೂ ಅವರ ಜನವೇ, ಅದನ್ನೂ ಹೇಳಬೇಕು. ಅಕ್ಟೋಬರ್ 4ರಂದು ಫ್ರಾಂಕ್ಲಿನ್ ರಿಚರ್ಡ್ಸ್ ಅನ್ನುವ ಮುಖಂಡ ಸಾಲ್ಟ್ ಲೇಕ್‌ಗೆ ಬಂದು, ಹಿಂದೆ ಇನ್ನೂ ಜನ ಬರುತ್ತಿದ್ದಾರೆ ಅಂದ. ಅವನು ಕುದುರೆ ಗಾಡಿಯಲ್ಲಿ ಇವರನ್ನೇ ದಾಟಿಕೊಂಡು ಬಂದಿದ್ದ. ಮಾರನೇ ದಿನದ ಸಭೆಯಲ್ಲಿ ಬ್ರಿಗಮ್ ಯಂಗ್ ಬೇರೆ ಉಪದೇಶ ಬದಿಗಿಟ್ಟು, ಹೇಸರಗತ್ತೆ, ಹಿಟ್ಟು, ಗಾಡಿ ಹೊಡೆಯುವವರು ಈಗಲೇ ಬೇಕು ಅಂದ. ಅಕ್ಟೋಬರ್ 7ಕ್ಕೆ ಮೊದಲ ಗಾಡಿಗಳು ಹೊರಟವು. ಅವು ಹೋಗದಿದ್ದರೆ ಆ ಎರಡು ತಂಡದಲ್ಲಿ ಯಾರೂ ಉಳಿಯುತ್ತಿರಲಿಲ್ಲ ಅಂತಲೇ ನನ್ನ ಲೆಕ್ಕ.

ತಪ್ಪು ಯಾರದು? ತಡವಾಗಿ ಕಳಿಸಿದವರದ್ದು ಅಂತ ಬ್ರಿಗಮ್ ಯಂಗ್ ಸಭೆಯಲ್ಲೇ ಬೈದ. ಯೋಜನೆ ಅವನದೇ, ಅದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಮುಂದಿನ ವರ್ಷವೂ ಕೈಗಾಡಿ ಬಂದವು. ನನ್ನ ಅಭಿಪ್ರಾಯ ಕೇಳಿದರೆ, ಗೊತ್ತಿದ್ದವನು ಎದ್ದು ಬೇಡ ಅಂದಾಗ ಅವನ ಮಾತನ್ನು ಬಿಟ್ಟು ಅವನ ನಂಬಿಕೆಯನ್ನು ಅಳೆದರಲ್ಲ, ಅಲ್ಲೇ ಕೆಟ್ಟದ್ದು. ಹಿಮವನ್ನು ಬೈದು ಏನು ಪ್ರಯೋಜನ? ನಮ್ಮತ್ತೆ ರೈತರ ಮನೆಯವರು. ನಾನು ಕತೆ ಹೇಳಿ ಮುಗಿಸಿದ ಮೇಲೆ, 'ಹದ ತಪ್ಪಿಸಿ ಬಿತ್ತಿ ದೇವರಿಗೆ ಹರಕೆ ಹೊತ್ತಂಗಾತು' ಅಂದುಬಿಟ್ಟರು.

ಶಿಬಿರದಲ್ಲಿ ಬೆಂಕಿ ಸುತ್ತ ಕೂತಾಗ ಸ್ಯಾವೇಜ್ ಕತೆ ಬಂತು. ಆದರೆ ಬಂದದ್ದು, ಮನಸ್ಸಿಲ್ಲದಿದ್ದರೂ ಜೊತೆಗೆ ಹೋದ, ಎಂಥ ವಿಧೇಯತೆ ಅನ್ನುವ ತರ. ನಮ್ಮ ಮಗಳು ಕೈ ಎತ್ತಿ, 'ಅವತ್ತು ವೋಟು ಹಾಕಿದವರಲ್ಲಿ ಮಕ್ಕಳೂ ಇದ್ದರಾ?' ಅಂತ ಕೇಳಿದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕತೆ ಹೇಳುತ್ತಿದ್ದ ಹಿರಿಯರು ಒಳ್ಳೆಯವರು, ಅದನ್ನು ನಾವು ಯೋಚಿಸಲೇ ಇಲ್ಲ ಅಂತ ಒಪ್ಪಿಕೊಂಡರು. ಮಾತು ಆಮೇಲೆ ಬೇರೆ ಕಡೆ ಹೋಯಿತು. ನನಗೆ ಕೇಳಿದರೆ ಟ್ರೆಕ್‌ನ ಒಂದು ಸಂಜೆ ಪೂರ್ತಿ ಆ ಸಭೆಯನ್ನೇ ನಾಟಕ ಮಾಡಿಸಬೇಕು. ಮಕ್ಕಳು ಎರಡು ಕಡೆ ನಿಂತು ವಾದ ಮಾಡಲಿ. ಹಿಟ್ಟಿನ ಲೆಕ್ಕ, ದಿನದ ಲೆಕ್ಕ, ಮೈಲಿ ಲೆಕ್ಕ ಕೈಯಲ್ಲಿ ಕೊಟ್ಟು ಕೇಳಲಿ.

ಸತ್ತವರ ಕತೆಯನ್ನು ಹೀಗೆ ಆಟದ ಹಾಗೆ ಮಾಡುವುದು ಸರಿಯಾ? ನೀವು ಬರೆದ 'ಹೆಂಗಸರ ಎಳೆತ' ಓದಿ ನನಗೆ ಒಂಥರಾ ಆಯಿತು. (ಗೃಹಿಣಿ, ಉಡುಪಿ)

ನನಗೂ ಒಂಥರಾ ಆಗಿತ್ತು.

ಹೋದ ಸಲ ಓದದವರಿಗೆ: ಒಂದು ಕಡಿದಾದ ಏರಿನ ಬುಡದಲ್ಲಿ ಗಂಡಸರನ್ನೆಲ್ಲ ಬೇರೆ ಕರೆದುಕೊಂಡು ಹೋಗುತ್ತಾರೆ. ಹೆಂಗಸರು, ಹುಡುಗಿಯರು ಮಾತ್ರ ಗಾಡಿ ಎಳೆದು ಮೇಲೆ ಹತ್ತಬೇಕು. ಗಂಡಸರು ದಾರಿಯ ಎರಡೂ ಕಡೆ ಟೋಪಿ ತೆಗೆದು, ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಕೈ ಹಾಕುವಂತಿಲ್ಲ. ಮಾರ್ಮನ್ ಗಂಡಸರು ಸೈನ್ಯಕ್ಕೆ ಹೋದರು, ಅದಕ್ಕೇ ಹೀಗೆ ಅಂತ ನಮಗೆ ಕಾರಣ ಹೇಳಿದರು. ಇದು ಚರಿತ್ರೆಗೆ ಕೂಡೋದಿಲ್ಲ. ಸುಮಾರು 500 ಜನ ಮಾರ್ಮನ್ನರು ಮೆಕ್ಸಿಕೋ ಯುದ್ಧಕ್ಕೆ ಅಂತ ಸೈನ್ಯ ಸೇರಿದ್ದು 1846ರಲ್ಲಿ. ಕೈಗಾಡಿ ಬಂದದ್ದು ಹತ್ತು ವರ್ಷ ಕಳೆದು.

ಆದರೆ ಹೆಂಗಸರು ಎಳೆದದ್ದು ಸುಳ್ಳಲ್ಲ. ವಿಲ್ಲಿ ತಂಡದಲ್ಲಿ ಡೆನ್ಮಾರ್ಕ್‌ನ ಯೆನ್ಸ್ ನೀಲ್ಸನ್, ಎಲ್ಸಿ ಅಂತ ಗಂಡ ಹೆಂಡತಿ ಇದ್ದರು. ಗಂಡನ ಕಾಲು ಹಿಮಕ್ಕೆ ಸತ್ತುಹೋದಾಗ, ಎಲ್ಸಿ ಅವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಎಳೆದಳು. ಅವನು ಉಳಿದು, ಮುಂದೆ ಯೂಟಾದಲ್ಲಿ ಬ್ಲಫ್ ಅನ್ನುವ ಊರು ಕಟ್ಟಿದವರಲ್ಲಿ ಒಬ್ಬನಾದ. ಗಂಡ ಸತ್ತು ಮಕ್ಕಳ ಜೊತೆ ಎಳೆದ ಹೆಂಗಸರೂ ಇದ್ದರು. ಇಷ್ಟು ನಿಜ ಇರುವಾಗ ಸೈನ್ಯದ ಕತೆ ಯಾಕೆ ಬೇಕು?

ಅಡುಗೆ ಡೇರೆಯ ನಮ್ಮನ್ನೂ ಅವತ್ತು ಗಾಡಿಗೆ ಕರೆದರು. ಮೊದಮೊದಲು ಎಲ್ಲ ನಾಟಕ ಅನ್ನಿಸಿತು. ಅರ್ಧ ಏರಿದ ಮೇಲೆ ನಾಟಕ ಹೋಯಿತು, ಏರು ಮಾತ್ರ ಉಳಿಯಿತು. ಉದ್ದ ಲಂಗ ಕಾಲಿಗೆ ಸಿಕ್ಕಿಕೊಳ್ಳುತ್ತೆ, ಉಸಿರು ಸಿಗೋದಿಲ್ಲ, ಪಕ್ಕದಲ್ಲಿ ನಮ್ಮೆಜಮಾನರು ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದಾರೆ. ಹದಿನಾರು ವರ್ಷದ ಹುಡುಗರು ಅಳುತ್ತಿದ್ದರು. ಮೇಲೆ ಹೋದ ಮೇಲೆ ಅವರು ಹೇಳಿದ್ದು, 'ಎಳೆಯೋದೇ ಸುಲಭ ಇತ್ತು, ನೋಡ್ತಾ ನಿಲ್ಲೋದಕ್ಕಿಂತ.' ನಾನು ಆ ಮಾತನ್ನು ಪೂರ್ತಿ ನಂಬಲಿಲ್ಲ, ನನ್ನ ಮೊಣಕಾಲು ನಡುಗುತ್ತಿತ್ತು.

ನನಗೆ ಬೇಡ ಅನ್ನಿಸೋದು ಬೇರೆ. ಕೆಲವು ಟ್ರೆಕ್‌ಗಳಲ್ಲಿ ದಾರಿ ನಡುವೆ ಒಂದಿಬ್ಬರು ಮಕ್ಕಳನ್ನು 'ನೀನು ಸತ್ತೆ' ಅಂತ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು. ಹಿಟ್ಟಿನ ಚೀಲಕ್ಕೆ ಬಟ್ಟೆ ಸುತ್ತಿ ಕೂಸು ಅಂತ ಕೊಟ್ಟು, ಆಮೇಲೆ ಕಿತ್ತುಕೊಳ್ಳುವುದೂ ಇತ್ತು. ನಮ್ಮಲ್ಲಿ ಇದ್ಯಾವುದೂ ಇರಲಿಲ್ಲ, ಪುಣ್ಯ. ಅದರ ಬದಲು ಒಬ್ಬೊಬ್ಬರಿಗೆ ಒಂದು ಚೀಟಿ, ಅದರಲ್ಲಿ ನಿಜವಾಗಿ ನಡೆದು ಬಂದ ಒಬ್ಬರ ಹೆಸರು, ಅವರ ಕತೆ. ಮಗಳಿಗೆ ಸಿಕ್ಕಿದ್ದು ನೆಲ್ಲಿ ಪರ್ಸೆಲ್. ಮಾರ್ಟಿನ್ ತಂಡದ ಹುಡುಗಿ, ಹತ್ತು ವರ್ಷದವಳು. ಅಪ್ಪ ಅಮ್ಮ ಇಬ್ಬರೂ ದಾರಿಯಲ್ಲೇ ಹೋದರು. ಹಿಮ ಹಿಡಿದ ಎರಡೂ ಕಾಲನ್ನು ಊರು ಸೇರಿದ ಮೇಲೆ ಪ್ರಜ್ಞೆ ತಪ್ಪಿಸುವ ಔಷಧಿ ಇಲ್ಲದೆ ಕತ್ತರಿಸಿದರು. ಆಮೇಲೆ ಸೀಡರ್ ಸಿಟಿಯಲ್ಲಿ ಮದುವೆಯಾಗಿ, ಆರು ಮಕ್ಕಳನ್ನು ಹೆತ್ತು, ಬದುಕಿಡೀ ಮೊಣಕಾಲ ಮೇಲೇ ಓಡಾಡಿದಳು. ಆ ಊರಿನಲ್ಲಿ ಅವಳ ಪ್ರತಿಮೆ ಇದೆ. ಇಂಥ ಚೀಟಿಗೆ ನಾಟಕ ಬೇಕಾಗೋದಿಲ್ಲ.

ಕತೆ ಬೆಳೆಸುವುದೂ ಇದೆ, ಎಚ್ಚರ. ಸ್ವೀಟ್‌ವಾಟರ್ ನದಿಯಲ್ಲಿ ಮೂವರು ಹುಡುಗರು ಎಲ್ಲರನ್ನೂ ಹೊತ್ತು ದಾಟಿಸಿ, ಆ ಚಳಿ ಹಿಡಿದೇ ಸತ್ತರು ಅಂತ ಬಹಳ ಜನ ಹೇಳುತ್ತಾರೆ. ಹೊತ್ತದ್ದು ನಿಜ, ದೊಡ್ಡ ಕೆಲಸ. ಆದರೆ ಹೊತ್ತವರು ಮೂವರಿಗಿಂತ ಹೆಚ್ಚು, ಮತ್ತು ಅವರು ಆಮೇಲೆ ವರ್ಷಗಟ್ಟಲೆ ಬದುಕಿದ್ದರು.

ನಿಮ್ಮ ಮಗಳನ್ನು ಅವರ ಮತಕ್ಕೆ ಎಳೆಯಲಿಲ್ಲವೇ? ನಿಮಗೆ ಭಯ ಆಗಲಿಲ್ಲವೇ? (ಓದುಗರು, ಮೈಸೂರು)

ಇದು ಚರ್ಚಿನ ಕಾರ್ಯಕ್ರಮ. ಬೆಳಿಗ್ಗೆ ರಾತ್ರಿ ಪ್ರಾರ್ಥನೆ ಇರುತ್ತೆ. ಕೊನೆಯ ರಾತ್ರಿ ಮಕ್ಕಳು ಒಬ್ಬೊಬ್ಬರಾಗಿ ಎದ್ದು ತಮ್ಮ ನಂಬಿಕೆ ಬಗ್ಗೆ ಮಾತಾಡುತ್ತಾರೆ. ಇದು ಗೊತ್ತಿದ್ದೇ ಕಳಿಸಿದ್ದು. ಮಗಳನ್ನು ಮಾತಾಡುತ್ತೀಯಾ ಅಂತ ಕೇಳಿದರು. ಅವಳು ಎದ್ದು, ಮರಳಲ್ಲಿ ಗಾಡಿ ಸಿಕ್ಕಿಕೊಂಡಾಗ ತಳ್ಳಿದವರಿಗೆ ಥ್ಯಾಂಕ್ಸ್ ಹೇಳಿ ಕೂತಳು. ಯಾರೂ ಬಲವಂತ ಮಾಡಲಿಲ್ಲ.

ವಾಪಸ್ ಬಂದ ಮೇಲೆ ಟೈ ಕಟ್ಟಿಕೊಂಡ ಇಬ್ಬರು ಹುಡುಗರು, ಚರ್ಚಿನ ಪ್ರಚಾರಕರು, ಬಾಗಿಲಿಗೆ ಬಂದರು. ಬಂದೇ ಬರುತ್ತಾರೆ, ಅದೂ ಗೊತ್ತಿತ್ತು. ಅತ್ತೆ ಅವರಿಗೆ ಮಜ್ಜಿಗೆ ಕೊಟ್ಟರು, ಅವರು ಪುಸ್ತಕ ಕೊಟ್ಟರು. ನಮಗೆ ನಮ್ಮ ದೇವರಿದ್ದಾನೆ ಅಂದೆವು. ಈಗಲೂ ಸಿಕ್ಕಿದರೆ ಕೈ ಬೀಸುತ್ತಾರೆ.

ಬೆಂಗಳೂರಿನಲ್ಲಿ ಈ ಚರ್ಚಿನವರ ದೊಡ್ಡ ಮಂದಿರ ಅಂತ ಕೇಳಿದೆ. ಭಾರತಕ್ಕೂ ಇವರಿಗೂ ಹಳೇ ನಂಟಿದೆಯಾ? (ಓದುಗರು, ಬೆಂಗಳೂರು)

ಸರಿಯಾಗಿ ಕೇಳಿದ್ದೀರಿ. 2018ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಮಂದಿರದ ವಿಷಯ ಸಾರಿದರು, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯಂಥದ್ದು ಮಾಡಿದರು. ನಂಟು ಅದಕ್ಕಿಂತ ತುಂಬಾ ಹಳೆಯದು. 1850ರ ದಶಕದಲ್ಲೇ ಇವರ ಪ್ರಚಾರಕರು ಕಲ್ಕತ್ತಾಕ್ಕೆ ಬಂದಿದ್ದರು. ಮೇಲೆ ಹೇಳಿದ ಲೀವೈ ಸ್ಯಾವೇಜ್‌ನನ್ನು 1852ರಲ್ಲಿ ಸಯಾಮ್‌ಗೆ, ಅಂದರೆ ಈಗಿನ ಥಾಯ್ಲೆಂಡ್‌ಗೆ, ಹೋಗು ಅಂತ ಕಳಿಸಿದ್ದರು. ಅವನು ಕಲ್ಕತ್ತಾಕ್ಕೆ ಬಂದು, ಅಲ್ಲಿಂದ ಬರ್ಮಾಕ್ಕೆ ಹೋಗಿ ಅಲ್ಲೇ ಉಳಿದ. ಅಲ್ಲಿಂದ ಊರಿಗೆ ಮರಳುವ ದಾರಿಯಲ್ಲೇ ಅವನು ವಿಲ್ಲಿ ತಂಡ ಸೇರಿಕೊಂಡದ್ದು.

ಇನ್ನೂ ಒಂದಿದೆ. ಬಾಂಬೆಯಲ್ಲಿ ಹುಟ್ಟಿದ ಎಲಿಜಬೆತ್ ಕ್ಸೇವಿಯರ್ ಟೇಟ್ ಅನ್ನುವ ಹೆಂಗಸು ಅದೇ ವಿಲ್ಲಿ ತಂಡದಲ್ಲಿದ್ದಳು. ಗಂಡ ಬ್ರಿಟಿಷ್ ಸೈನ್ಯದಲ್ಲಿದ್ದವನು. ಬಾಂಬೆಯ ಸೆಕೆಯಲ್ಲಿ ಬೆಳೆದವಳು ಆ ಹಿಮದಲ್ಲಿ ನಡೆದು ಬಂದು ಸೀಡರ್ ಸಿಟಿಯಲ್ಲಿ ಸಂಸಾರ ಹೂಡಿದಳು. ಅಡುಗೆ ಡೇರೆಯಲ್ಲಿ ಒಬ್ಬ ಅಜ್ಜಿ ಇದನ್ನು ನಮ್ಮತ್ತೆಗೆ ಹೇಳಿದರು, ಮಗಳು ಕನ್ನಡ ಮಾಡಿದಳು. ಅಲ್ಲಿತನಕ ಸುಮ್ಮನೆ ಈರುಳ್ಳಿ ಹೆಚ್ಚುತ್ತಿದ್ದ ಅತ್ತೆ, ಆಮೇಲೆ ಊರಿಗೆ ಫೋನ್ ಮಾಡಿದಾಗೆಲ್ಲ 'ನಮ್ಮ ಬಾಂಬೇದಾಕಿ' ಅಂತಲೇ ಶುರು ಮಾಡುತ್ತಿದ್ದರು.

ಊಟಕ್ಕೆ ಏನು ಮಾಡಿದಿರಿ? ನೀವು ಸಸ್ಯಾಹಾರಿಗಳಲ್ವಾ? (ಓದುಗರು, ಶಿರಸಿ)

ಓಟ್ಸ್ ಗಂಜಿ, ಬ್ರೆಡ್, ಹುರುಳಿಕಾಯಿ, ಆಲೂಗಡ್ಡೆ ಎಲ್ಲ ಇತ್ತು. ಮಾಂಸದ ಪಾತ್ರೆ ಬೇರೆ ಇಡೋಕೆ ಅವರೇ ಒಪ್ಪಿದರು. ಒಂದು ರಾತ್ರಿ ಬೇಕಂತಲೇ ಬರೀ ಸಾರು, ಒಂದು ಬನ್ನು ಕೊಡುತ್ತಾರೆ, ಹಸಿವು ಗೊತ್ತಾಗಲಿ ಅಂತ. ನಮ್ಮ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅವಲಕ್ಕಿ ಇತ್ತು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡೋದಿಲ್ಲ, ಹಗುರ, ಬೆಂಕಿ ಬೇಡ ಅಂತ ತಿಳಿದ ಮೇಲೆ ಅಡುಗೆಯ ಯಜಮಾನ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

ದೊಡ್ಡ ಕಷ್ಟ ಕಾಫಿಯದು. ಇವರಿಗೆ ಕಾಫಿ, ಟೀ ಎರಡೂ ನಿಷಿದ್ಧ. ಇಡೀ ಶಿಬಿರದಲ್ಲಿ ಒಂದು ಲೋಟ ಕಾಫಿ ಇಲ್ಲ. ಕಾರಿನಲ್ಲಿ ಫ್ಲಾಸ್ಕ್ ಇತ್ತು, ಇಷ್ಟೇ ಹೇಳಬಲ್ಲೆ.

ಇವರು ಬಹಳ ಹೆಂಡಿರನ್ನು ಮದುವೆಯಾಗುವವರಲ್ವಾ? (ಮೂರು ಊರುಗಳಿಂದ)

1852ರಲ್ಲಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡರು, 1890ರಲ್ಲಿ ಚರ್ಚಿನ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಬಿಡುತ್ತೇವೆ ಅಂತ ಸಾರಿದ. ಈಗ ಹಾಗೆ ಮಾಡಿದರೆ ಚರ್ಚಿನಿಂದ ಹೊರಗೆ ಹಾಕುತ್ತಾರೆ. ಯಾರೂ ಕೇಳದ ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆ ದಾರಿಯ ಮೂಲ ಜನರ ಬಗ್ಗೆ ಟ್ರೆಕ್‌ನಲ್ಲಿ ಮಾತೇ ಬರಲಿಲ್ಲವಲ್ಲ ಅಂತ ಯಾರಾದರೂ ಕೇಳಬಹುದು ಅಂದುಕೊಂಡಿದ್ದೆ. ಷೋಷೋನಿ, ಯೂಟ್ ಜನರ ನೆಲ ಅದು. ರಾಜ್ಯದ ಹೆಸರೇ ಯೂಟ್ ಜನರಿಂದ ಬಂದದ್ದು. ಟ್ರೆಕ್‌ನಲ್ಲಿ ಆ ಮಾತು ನಿಜಕ್ಕೂ ಬರಲಿಲ್ಲ. ನನಗೆ ಅದು ಕೊರತೆಯೇ.

ನನ್ನ ಮಗ ಸಾಲ್ಟ್ ಲೇಕ್ ಕಡೆ ಕೆಲಸದಲ್ಲಿದ್ದಾನೆ. ಮೊಮ್ಮಗನನ್ನು ಅವನ ಗೆಳೆಯರು ಟ್ರೆಕ್‌ಗೆ ಕರೆದಿದ್ದಾರಂತೆ. ಕಳಿಸಬಹುದಾ? ಏನೇನು ಬೇಕು? (ಅಜ್ಜಿ, ತುಮಕೂರು)

ಕಳಿಸಬಹುದು ಅಮ್ಮ, ಅವನಿಗೆ ಮನಸ್ಸಿದ್ದರೆ. ಬಟ್ಟೆಗೆ ತಲೆ ಕೆಡಿಸಿಕೊಳ್ಳಬೇಡಿ. ಹುಡುಗರಿಗೆ ಸಡಿಲ ಪ್ಯಾಂಟು, ತುಂಬುತೋಳಿನ ಅಂಗಿ, ಭುಜದ ಪಟ್ಟಿ, ಅಗಲ ಟೋಪಿ ಸಾಕು. ಕಾಲಿಗೆ ಮಾತ್ರ ಹಳೇ ಕಾಲದ್ದು ಬೇಡ. ಪಳಗಿದ ಗಟ್ಟಿ ಶೂ, ದಪ್ಪ ಕಾಲುಚೀಲ ನಾಲ್ಕೈದು ಜೊತೆ. ಬೊಬ್ಬೆ ಎದ್ದು ಗಾಡಿಯಲ್ಲಿ ಕೂತು ಬಂದ ಮಕ್ಕಳೆಲ್ಲ ಹೊಸ ಶೂ ಹಾಕಿಕೊಂಡವರು. ಆ ಕಡೆ ಆರು ಸಾವಿರ ಅಡಿ ಎತ್ತರ. ಹಗಲು ಸುಡುತ್ತೆ, ರಾತ್ರಿ ನಡುಗಿಸುತ್ತೆ, ಗಾಳಿ ಬಿಡುವುದೇ ಇಲ್ಲ. ಸೊಳ್ಳೆ ಸಿಕ್ಕಾಪಟ್ಟೆ. ಸಾಮಾನನ್ನೆಲ್ಲ ಒಂದು ಪ್ಲಾಸ್ಟಿಕ್ ಬಕೆಟ್‌ನಲ್ಲಿ ತುಂಬಿಕೊಂಡು ಬಾ ಅನ್ನುತ್ತಾರೆ, ಕೂರೋಕೂ ಅದೇ ಬಕೆಟ್ಟು. ಫೋನ್ ತೆಗೆದಿಟ್ಟುಕೊಳ್ಳುತ್ತಾರೆ, ಹಾಗಾಗಿ ಆ ದಿನಗಳಲ್ಲಿ ಅವನು ಫೋನ್ ಮಾಡಲಿಲ್ಲ ಅಂತ ಗಾಬರಿ ಬೇಡ.

ಮಗ ಸೊಸೆಗೆ ಇದನ್ನು ಕೇಳೋಕೆ ಹೇಳಿ: ನೀರಿನ ಗಾಡಿ ಜೊತೆಗೇ ಬರುತ್ತಾ, ಡಾಕ್ಟರ್ ಅಥವಾ ನರ್ಸ್ ಇರುತ್ತಾರಾ, ಬಿಸಿಲು ಮಿತಿಮೀರಿದರೆ ನಡಿಗೆ ನಿಲ್ಲಿಸುವ ಅಧಿಕಾರ ಯಾರಿಗೆ, ಇಲ್ಲ ಅನ್ನುವ ಹುಡುಗನಿಗೆ ಕೂರೋಕೆ ಬಿಡುತ್ತಾರಾ. ಉಬ್ಬಸ, ಅಲರ್ಜಿ ಇದ್ದರೆ ಔಷಧಿ ಅವನ ಜೇಬಿನಲ್ಲೇ ಇರಲಿ, ಬಕೆಟ್‌ನಲ್ಲಿ ಬೇಡ. ಅಷ್ಟು ದೂರ ಬೇಡ ಅನ್ನಿಸಿದರೆ ಮನೆಮಂದಿಯೆಲ್ಲ ಕಾರಿನಲ್ಲಿ ಮಾರ್ಟಿನ್ಸ್ ಕೋವ್‌ಗೆ ಹೋಗಿ. ಸಾಲ್ಟ್ ಲೇಕ್‌ನಿಂದ ಐದು ಗಂಟೆಯ ಮೇಲಾಗುತ್ತೆ. ಅಲ್ಲಿ ಚರ್ಚಿನವರ ಕೇಂದ್ರ ಇದೆ. ಯಾವ ಮತದವರು ಹೋದರೂ ಬೇಸಿಗೆಯಲ್ಲಿ ದುಡ್ಡಿಲ್ಲದೆ ಕೈಗಾಡಿ ಕೊಡುತ್ತಾರೆ. ಎಳೆದುಕೊಂಡು ಹೋಗಿ, ನೋಡಿ, ಸಂಜೆಯೊಳಗೆ ಗಾಡಿ ವಾಪಸ್ ಕೊಟ್ಟು ಬರಬಹುದು.